ವೀರಗಲ್ಲು

ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೊರಟವರ ಕಣ್ಣಿಗೆ ಅಡ್ಡ ಬರುವಂಥದು ಹೆಚ್ಚೇನೂ ಇಲ್ಲ. ಎಡಕ್ಕೂ ಬಲಕ್ಕೂ ಎರೆಯ ಹೊಲ; ಹಿಂಗಾರಿಯಲ್ಲಿ ಬಿಳಿಜೋಳ, ಕಡಲೆ, ಕುಸುಬೆ; ಬೇಸಿಗೆಯಲ್ಲಿ ಅಂಗೈಯಗಲದ ಬಿರುಕು. ಈ ಸೀಮೆಯಲ್ಲಿ ಮಣ್ಣಿಗೆ ಬಡತನವಿಲ್ಲ, ಕಲ್ಲಿಗೆ ಬಡತನ. ಹೊಲದಲ್ಲಿ ಹಕ್ಕಿಗೆ ಕವಣೆ ಬೀಸಬೇಕಾದರೂ ಮಣ್ಣಿನ ಹೆಂಟೆಯೇ ಗತಿ. ಇಂಥ ನೆಲದಲ್ಲಿ, ಒಂದು ಹಳ್ಳಿಯ ಅಗಸಿಯ ಬಳಿ, ಆಳೆತ್ತರದ ಕಪ್ಪು ಕಲ್ಲೊಂದು ನಿಂತಿದ್ದರೆ ಅದು ತಾನಾಗಿ ಅಲ್ಲಿ ಹುಟ್ಟಿದ್ದಲ್ಲ. ಯಾರೋ ಅದನ್ನು ದೂರದಿಂದ ಬಂಡಿಯ ಮೇಲೆ ಹೇರಿ ತಂದಿದ್ದಾರೆ, ಯಾರೋ ಕೆತ್ತಿದ್ದಾರೆ, ಊರವರು ಕೂಡಿ ನಿಲ್ಲಿಸಿದ್ದಾರೆ.

ಬೇಸಿಗೆಯ ರಜೆಗೆಂದು ಪಟ್ಟಣದಿಂದ ಬಂದ ಮೊಮ್ಮಗನು ಇಂಥ ಕಲ್ಲಿನ ಮುಂದೆ ನಿಂತು ಕೇಳುತ್ತಾನೆ:

"ಅಜ್ಜಾ, ಇದು ಯಾವ ದೇವರು?"

"ದೇವರಲ್ಲೋ ತಮ್ಮಾ. ವೀರಗಲ್ಲು."

"ಹಂಗಂದ್ರ?"

"ಹಿಂದಕ ಯಾರೋ ಊರ ಸಲುವಾಗಿ ಸತ್ತಾರ. ಅವರ ಕಲ್ಲು."

"ಅವರ ಹೆಸರೇನು?"

ಇಲ್ಲಿಗೆ ಅಜ್ಜನ ಮಾತು ನಿಲ್ಲುತ್ತದೆ. ಧೋತರದ ಚುಂಗಿನಿಂದ ಕಲ್ಲಿನ ಮೇಲಿನ ಧೂಳನ್ನು ಒರೆಸಿ, "ಬರದಿರಬೇಕು ನೋಡು, ಯಾರಿಗೆ ಓದಾಕ ಬರತೈತಿ" ಎಂದು ಮುಂದಕ್ಕೆ ನಡೆಯುತ್ತಾನೆ. ಇಂಥ ಮಾತು ನವಲಗುಂದ, ಕುಂದಗೋಳ, ಅಣ್ಣಿಗೇರಿಗಳ ಸುತ್ತಲಿನ ಯಾವ ಹಳ್ಳಿಯಲ್ಲಿಯಾದರೂ ಕೇಳಿಬರಬಹುದು. ಕಲ್ಲು ಉಳಿದಿದೆ, ಕಲ್ಲನ್ನು ಕರೆಯುವ ಮಾತೂ ಉಳಿದಿದೆ. ಕಲ್ಲು ಯಾರಿಗಾಗಿ ನಿಂತಿತೋ ಅವನ ಹೆಸರೊಂದು ಮಾತ್ರ ನಾಲಗೆಯಿಂದ ಜಾರಿಹೋಗಿದೆ.

ನೆಟ್ಟಗೆ ನಿಲ್ಲಿಸಿದ ದೊಡ್ಡ ಕಲ್ಲುಗಳು ಲೋಕದಲ್ಲೆಲ್ಲ ಇವೆ. ಅವಕ್ಕೆ ಹೆಸರುಗಳೂ ಇವೆ. ಫ್ರಾನ್ಸಿನ ಬ್ರಿಟನಿ ಪ್ರಾಂತದ ಇತಿಹಾಸಪೂರ್ವ ಕಾಲದ ಕಲ್ಲುಗಳನ್ನು ವಿದ್ವಾಂಸರು 'ಮೆನ್‌ಹಿರ್' ಎನ್ನುತ್ತಾರೆ. ಆ ಸೀಮೆಯ ಭಾಷೆಯಲ್ಲಿ 'ಮೆನ್' ಎಂದರೆ ಕಲ್ಲು, 'ಹಿರ್' ಎಂದರೆ ಉದ್ದ. ನಮ್ಮ ಹಳೆಯ ಮಾತಿನಲ್ಲಿ ಹೇಳುವುದಾದರೆ 'ನಿಡುಗಲ್ಲು'. ಈಜಿಪ್ಟಿನ ಅರಸರ ಮೊನಚು ಕಂಬಗಳಿಗೆ 'ಒಬೆಲಿಸ್ಕ್' ಎಂಬ ಹೆಸರು ಬಂದದ್ದು ಗ್ರೀಕರಿಂದ. ಮಾಂಸ ಸುಡುವ ಸಣ್ಣ ಸಲಾಕೆ ಎಂದು ಅದರ ಅರ್ಥ. ಅಷ್ಟು ದೊಡ್ಡ ಕಂಬಕ್ಕೆ ಅಡುಗೆಮನೆಯ ಹೆಸರಿಟ್ಟ ಗ್ರೀಕರ ಕುಚೇಷ್ಟೆಯನ್ನು ಮೆಚ್ಚಲೇಬೇಕು. ನಮ್ಮಲ್ಲಿಯೂ ಹೊಸನಗರ ತಾಲ್ಲೂಕಿನಲ್ಲಿ ನಿಲಸ್ಕಲ್ ಎಂಬ ಊರಿದೆ. ಇತಿಹಾಸಪೂರ್ವದ ಕಲ್ಲುಗಳು ಅಲ್ಲಿ ಸಾಲಾಗಿ ನಿಂತಿವೆ. ನಿಲ್ಲಿಸಿದ ಕಲ್ಲುಗಳೇ ಊರಿಗೆ ಹೆಸರಾಗಿವೆ. ಈ ಮಾತುಗಳೆಲ್ಲ ಕಲ್ಲಿನ ಉದ್ದವನ್ನೋ ಆಕಾರವನ್ನೋ ನಿಲುವನ್ನೋ ಹೇಳುತ್ತವೆ. ವೀರಗಲ್ಲು ಎಂಬ ಮಾತು ಇದಾವುದನ್ನೂ ಹೇಳುವುದಿಲ್ಲ. ಕಲ್ಲು ಎರಡು ಮೊಳವಿರಲಿ, ಆಳೆತ್ತರವಿರಲಿ, ಅದು ಯಾರದು ಎಂಬುದನ್ನಷ್ಟೆ ಹೇಳುತ್ತದೆ.

ಮಾತಿನ ಕಟ್ಟು ಶಾಲೆಯ ಮಕ್ಕಳಿಗೂ ಗೊತ್ತು. ವೀರ ಮತ್ತು ಕಲ್ಲು ಸೇರುವಾಗ ಕಕಾರವು ಗಕಾರವಾಗುತ್ತದೆ. ಮಳೆಗಾಲ, ಬೆಟ್ಟದಾವರೆಗಳಂತೆ ಇದೂ ಆದೇಶಸಂಧಿ. ಆದರೆ ಮೇಷ್ಟರು ಹೇಳದೆ ಬಿಡುವ ಸಂಗತಿಯೊಂದುಂಟು. 'ವೀರ' ಸಂಸ್ಕೃತ, 'ಕಲ್ಲು' ಅಚ್ಚಗನ್ನಡ. ಇವೆರಡನ್ನು ಹೀಗೆ ಬೆಸೆಯುವುದನ್ನು ಹಳೆಯ ಲಾಕ್ಷಣಿಕರು ಒಪ್ಪುತ್ತಿರಲಿಲ್ಲ. ಅದಕ್ಕೆ ಅವರು ಇಟ್ಟ ಹೆಸರು ಅರಿಸಮಾಸ, ಎಂದರೆ ಹಗೆಗಳನ್ನು ಒಂದೇ ನೊಗಕ್ಕೆ ಹೂಡಿದ ಸಮಾಸ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೂ ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣವೂ ಇದನ್ನು ದೋಷವೆಂದೇ ಎಣಿಸಿವೆ. ಬಿರುದುಗಳಿಗೂ ಹಿಂದಿನ ಕವಿಗಳು ಬಳಸಿದ ಕೆಲವು ಮಾತುಗಳಿಗೂ ಮಾತ್ರ ಕೇಶಿರಾಜನು ರಿಯಾಯಿತಿ ತೋರಿದ್ದಾನೆ. ಹಳಗನ್ನಡದ 'ಬೀರಗಲ್' ಎಂಬ ರೂಪದಲ್ಲಿ ಈ ತೊಡಕಿಲ್ಲ. ವೀರವು ಬೀರವಾಗಿ ತದ್ಭವಗೊಂಡು ಕನ್ನಡದ ಮನೆಗೆ ನಡೆಯುವ ಮೊದಲೇ ಕಾಲು ತೊಳೆದುಕೊಂಡಿತು. ಪಂಡಿತರ ಮೆಚ್ಚಿಕೆಗೆ ಕಾಯದ ಹಳ್ಳಿಯ ಬಾಯಿ ಎರಡು ರೂಪಗಳನ್ನೂ ಉಳಿಸಿಕೊಂಡಿತು. ಕೆಲವೆಡೆ 'ಈರಗಲ್ಲು' ಎಂಬ ಮೂರನೆಯದನ್ನೂ ಸೇರಿಸಿತು.

ಇದಕ್ಕಿಂತ ವಿಶೇಷವಾದದ್ದೆಂದರೆ ಕಲ್ಲಿನ ಮೇಲಿನ ಬರಹವು ಬಹುಮಟ್ಟಿಗೆ ಈ ಮಾತಿನ ಗೊಡವೆಗೇ ಹೋಗದಿರುವುದು. ಇಂಥವನು ಕಾದಿ ಸತ್ತನು, ಅವನ ತಮ್ಮನೋ ಮಗನೋ ಒಡೆಯನೋ ಕಲ್ಲನ್ನು ನಿಲ್ಲಿಸಿದನು. ಬರಹ ಅಲ್ಲಿಗೆ ಮುಗಿಯಿತು. ಅದು 'ಕಲ್ಲು' ಎಂದಷ್ಟೆ ಹೇಳಿ ನಿಲ್ಲುತ್ತದೆ. ಸತ್ತವನನ್ನು ಕಣ್ಣಾರೆ ಕಂಡವರಿಗೆ ಅದು ಎಂಥ ಕಲ್ಲು ಎಂದು ವಿವರಿಸುವ ಅಗತ್ಯವಿರಲಿಲ್ಲ. ಕಂಡವರು ತೀರಿಹೋದ ಮೇಲೆ, ಹೆಸರು ಮರೆತ ಮೇಲೆ, 'ವೀರ' ಎಂಬ ಪೊತುವಾದ ಹೆಸರು ಮುಂದೆ ಬಂದು ಕಲ್ಲಿಗೆ ಅಂಟಿಕೊಂಡಿರಬೇಕು.

ತಮಿಳರು ಇದೇ ಬಗೆಯ ಕಲ್ಲನ್ನು 'ನಡುಕಲ್' ಎನ್ನುತ್ತಾರೆ, ಎಂದರೆ ನೆಟ್ಟ ಕಲ್ಲು. ಅವರ ಸಂಗಮ ಕಾಲದ ಕವಿತೆಗಳಲ್ಲಿಯೇ ಅದರ ಪ್ರಸ್ತಾಪವಿದೆ. ಗುಜರಾತಿನಲ್ಲಿ ಅದು 'ಪಾಳಿಯಾ'. ಮರಾಠಿಯಲ್ಲಿಯೋ, 'ವೀರಗಳ'! ಆ ಮಾತಿನ ಕೊನೆಯಲ್ಲಿ ಕುಳಿತಿರುವ 'ಗಳ' ನಮ್ಮ ಕಲ್ಲೇ. ಧಾರವಾಡ ಸೀಮೆಯು ೧೯೫೬ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗುವವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಕಚೇರಿಯ ಮರಾಠಿ ಮಾತುಗಳು ನಮ್ಮ ಹಳ್ಳಿಗಳೊಳಕ್ಕೆ ನುಗ್ಗಿದ ಕಥೆಯನ್ನು ಎಲ್ಲರೂ ಬಲ್ಲರು. ಅದಕ್ಕೂ ಎಷ್ಟೋ ಮುಂಚೆ ಕನ್ನಡದ ಒಂದು ಕಲ್ಲು ಗಡಿಯನ್ನು ದಾಟಿ ಆಚೆಗೆ ಹೋಗಿ ನಿಂತದ್ದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ.

ಆದರೆ ನಿಂತ ಕಲ್ಲೆಲ್ಲ ವೀರಗಲ್ಲಲ್ಲ. ಜಿನಾಲಯದ ಮುಂದಿನ ಎತ್ತರದ ಕಂಬ ಮಾನಸ್ತಂಭ. ವಿಷ್ಣುವಿನ ಗುಡಿಯ ಮುಂದಿನದು ಗರುಡಗಂಬ. ಉಪವಾಸವ್ರತದಿಂದ ದೇಹ ಬಿಟ್ಟ ಜೈನರ ನೆನಪಿನದು ನಿಸಿದಿಗೆ. ಲಿಂಗಮುದ್ರೆಯ ಕಲ್ಲು ದತ್ತಿಯ ಹೊಲದ ಎಲ್ಲೆಯನ್ನು ತೋರುತ್ತದೆ. ಇವನ್ನೆಲ್ಲ ಒಂದೇ ಹೆಸರಿನಿಂದ ಕರೆಯುವ ರೂಢಿ ಇತ್ತೀಚೆಗೆ ಬೆಳೆದಿದೆ. ಕೆತ್ತನೆಯಿರುವ ಯಾವ ಕಲ್ಲನ್ನು ಕಂಡರೂ ವೀರಗಲ್ಲೆನ್ನುವವರು ಪಟ್ಟಣದಲ್ಲಿಯೇ ಹೆಚ್ಚು.

ಮಾಸ್ತಿಗಲ್ಲಿನ ಬಳಿ ಮಾತ್ರ ಹೀಗೆ ಅವಸರದಿಂದ ಹಾಯ್ದುಹೋಗುವಂತಿಲ್ಲ. ಕಲ್ಲಿನಲ್ಲಿ ಒಂದು ಕಂಬ, ಆ ಕಂಬದಿಂದ ಹೊರಟು ಮೊಣಕೈಯ ಬಳಿ ಮೇಲಕ್ಕೆ ಬಾಗಿದ ಹೆಣ್ಣಿನ ಬಲಗೈ, ಕೈತುಂಬ ಬಳೆ, ಬೆರಳ ನಡುವೆ ಒಮ್ಮೊಮ್ಮೆ ನಿಂಬೆಯ ಹಣ್ಣು. ಗಂಡನೊಡನೆ ಬೆಂಕಿಗೆ ಬಿದ್ದವಳು ಮಹಾಸತಿ. ಆ ಮಹಾಸತಿಯೇ ಜನರ ಬಾಯಲ್ಲಿ ಮಾಸ್ತಿ. ಮೈಸೂರು ಸೀಮೆಯ ಬೆಳತೂರಿನಲ್ಲಿ ೧೦೫೭ರ ಶಾಸನವೊಂದಿದೆ. ದೇಕಬ್ಬೆ ಎಂಬವಳ ಗಂಡನನ್ನು ಅರಸನು ಕೊಲ್ಲಿಸಿದನು. ಸುದ್ದಿ ಕೇಳಿದ ದೇಕಬ್ಬೆ ಬೆಂಕಿಯ ಕಡೆಗೆ ನಡೆದಳು. ಹೆತ್ತವರು ಬೇಡವೆಂದು ಅಂಗಲಾಚಿದರು, ಅವಳು ಕೇಳಲಿಲ್ಲ. ಆ ಬೇಡವೆಂಬ ಮಾತನ್ನೂ ಶಾಸನ ಬರೆದವನು ಬಿಡದೆ ದಾಖಲಿಸಿದ್ದಾನೆ. ಕನ್ನಡದ ಶಾಸನಗಳಲ್ಲಿ ಇಷ್ಟು ಕರುಳು ಹಿಂಡುವವು ಕೆಲವೇ. ವೀರಗಲ್ಲಿನ ಮುಂದೆ ಕೈಮುಗಿಯುವವನು ಪಕ್ಕದ ಮಾಸ್ತಿಗಲ್ಲಿನ ಮುಂದೆ ಕೈಮುಗಿಯುವ ಮೊದಲು ತುಸು ಯೋಚಿಸಬೇಕು. ಅವನಿಗೆ ಕತ್ತಿಯಾದರೂ ಕೈಯಲ್ಲಿತ್ತು.

ಇನ್ನು, ಗೋಸಾಸ. ಈ ಮಾತನ್ನು ಇಂದು ಬಲ್ಲವರು ಶಾಸನ ಓದುವವರಷ್ಟೆ. ಸಾವಿರ ಗೋವುಗಳ ದಾನ 'ಗೋಸಹಸ್ರ'. ಅದು ಸವೆದು ಗೋಸಾಸವಾಯಿತು. ದಾನಮಾಡಿದವನು ಗೋಸಾಸಿ ಎನಿಸಿಕೊಂಡನು. ಆ ದಾನದ ನೆನಪಿಗೂ ಕಲ್ಲು ನಿಲ್ಲಿಸುತ್ತಿದ್ದರು. ಧಾರವಾಡ ಸೀಮೆಯಲ್ಲಿ ಎಂಟರಿಂದ ಹತ್ತನೆಯ ಶತಮಾನದವರೆಗೆ ಇದು ಬಳಕೆಯಲ್ಲಿತ್ತು. ಅಣ್ಣಿಗೇರಿಯಲ್ಲಿ ಬಾದಾಮಿ ಚಾಲುಕ್ಯರ ಕೊನೆಯ ಅರಸ ಇಮ್ಮಡಿ ಕೀರ್ತಿವರ್ಮನ ಆರನೆಯ ವರ್ಷದ, ಎಂದರೆ ೭೫೦ರ ಆಸುಪಾಸಿನ ಒಂದು ಶಾಸನವಿದೆ. ಜೇಬುಳಗೇರಿಯ ಗಾಮುಂಡ ಕಲಿಯಮ್ಮನು ಅಲ್ಲಿ ಜಿನಾಲಯವನ್ನು ಕಟ್ಟಿಸಿದ ಸಂಗತಿಯನ್ನು ಅದು ಹೇಳುತ್ತದೆ. ಆ ಬರಹದಲ್ಲಿಯೇ 'ಕೀರ್ತಿವರ್ಮ ಗೋಸಾಸಿ' ಎಂಬ ಹೆಸರಿನವನೊಬ್ಬನು ಬರುತ್ತಾನೆ. ಒಂದೇ ಸೀಮೆಯಲ್ಲಿ ಆಕಳನ್ನು ಕೊಟ್ಟವನಿಗೂ ಕಲ್ಲು, ಆಕಳಿಗಾಗಿ ಸತ್ತವನಿಗೂ ಕಲ್ಲು. ಕೊಟ್ಟವನ ಕಲ್ಲಿನ ಹೆಸರು ಅಳಿಯಿತು; ಸತ್ತವನ ಕಲ್ಲಿನ ಹೆಸರು ಬದುಕಿತು.

ಆಕಳಿಗಾಗಿ ಸತ್ತವನೆಂದರೆ ಅತಿಶಯೋಕ್ತಿಯಲ್ಲ. ವೀರಗಲ್ಲುಗಳ ಬರಹದಲ್ಲಿ ಮೇಲಿಂದ ಮೇಲೆ ಬರುವ ಮಾತು 'ತುರುಗೊಳ್'. ತುರು ಎಂದರೆ ದನ. ತುರುಗೊಳ್ಳುವುದೆಂದರೆ ದನದ ಹಿಂಡನ್ನು ಹೊಡೆದುಕೊಂಡು ಹೋಗುವುದು. ಅಣ್ಣಿಗೇರಿ, ನವಲಗುಂದಗಳ ಈ ನಾಡಿಗೆ ಆಗ ಬೆಳ್ವೊಲ ಮುನ್ನೂರು ಎಂದು ಹೆಸರು. ಎರೆಯ ನೆಲವನ್ನು ಉಳಲು ಎತ್ತು ಬೇಕು, ಎತ್ತು ಹುಟ್ಟಲು ಆಕಳು ಬೇಕು. ಊರಿನ ದನ ಹೋಯಿತೆಂದರೆ ಆ ವರ್ಷದ ಬಿತ್ತನೆ ಹೋಯಿತು, ಮುಂದಿನ ವರ್ಷದ ಊಟ ಹೋಯಿತು. ಆದ್ದರಿಂದಲೇ ಹಗೆಗಳು ಮೊದಲು ಕೈ ಹಾಕುತ್ತಿದ್ದುದು ದನಕ್ಕೆ. ಭಾರತದ ವಿರಾಟಪರ್ವದಲ್ಲಿ ಕೌರವರು ಮಾಡಿದ್ದೂ ಅದನ್ನೇ. ಪಂಪನ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಅವನ ತಮ್ಮ ಜಿನವಲ್ಲಭನ ಶಾಸನ ಹೇಳುತ್ತದೆ. ತಾಯಿಯ ಕಡೆಯಿಂದ ಬೆಳ್ವೊಲದವನಾದ, ಸ್ವತಃ ಯುದ್ಧ ಕಂಡ ಆ ಕವಿಗೆ ಗೋಗ್ರಹಣವೆಂಬುದು ಪುರಾಣದ ಮಾತಾಗಿರದೆ ಅಂದಂದಿನ ಸುದ್ದಿಯಾಗಿಯೇ ಇದ್ದಿರಬೇಕು.

ಬೇರೆ ಕಾರಣಗಳೂ ಉಂಟು. ಊರಿಗೇ ಮುತ್ತಿಗೆ ಬಿದ್ದು ಸತ್ತದ್ದು 'ಊರಳಿವು'. ಹೆಣ್ಣುಮಕ್ಕಳ ಮಾನಕ್ಕೆ ಕುತ್ತು ಬಂದಾಗ ಎದ್ದ ಹುಯ್ಯಲಿಗೆ ಓಡಿಬಂದು ಸತ್ತದ್ದು 'ಪೆಣ್ಬುಯ್ಯಲ್'. ಗಡಿಯ ಜಗಳ, ಕಳ್ಳರ ಹಾವಳಿ, ಹುಲಿಯ ಬೇಟೆ ಇವೂ ಇವೆ. ಅರಸರ ದೊಡ್ಡ ಕಾಳಗಗಳಲ್ಲಿ ಬಿದ್ದವರಿಗೂ ಕಲ್ಲುಗಳಿವೆಯಾದರೂ ವೀರಗಲ್ಲಿನ ಮುಖ್ಯ ನಾಯಕ ಅರಸನಲ್ಲ. ಅರಸನು ಗೆದ್ದರೆ ಅವನಿಗೆ ಜಯಸ್ತಂಭವಿದೆ, ತಾಮ್ರಪಟವಿದೆ, ಆಸ್ಥಾನದ ಕವಿಯಿದ್ದಾನೆ. ಇವನು ಗಾವುಂಡನ ಮಗ, ದನಗಾಹಿ, ಊರ ಕಾವಲಿನವ. ಗೆದ್ದವನೂ ಅಲ್ಲ, ಸತ್ತವನು.

ವೀರಗಲ್ಲನ್ನು ಓದುವುದಕ್ಕೆ ಅಕ್ಷರವೇ ಬೇಕೆಂದಿಲ್ಲ. ಆದರೆ ಪುಸ್ತಕದಂತೆ ಮೇಲಿನಿಂದ ಕೆಳಕ್ಕೆ ಓದಹೊರಟರೆ ಕಥೆ ತಲೆಕೆಳಗಾಗುತ್ತದೆ. ಇದನ್ನು ಬುಡದಿಂದ ತುದಿಗೆ ಓದಬೇಕು. ಎಲ್ಲಕ್ಕೂ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ಬಿಲ್ಲು, ಕತ್ತಿ, ಗುರಾಣಿ, ಒಮ್ಮೊಮ್ಮೆ ಕುದುರೆ; ತುರುಗೊಳ್ ಆಗಿದ್ದರೆ ಮೂಲೆಯಲ್ಲಿ ನಾಲ್ಕೈದು ದನ, ಕೊಂಬು ಅತ್ತ ಮುಖ ಇತ್ತ. ನಡುವಿನ ಪಟ್ಟಿಕೆಯಲ್ಲಿ ಸತ್ತವನು ಚಾಮರ ಹಿಡಿದ ದೇವಾಂಗನೆಯರ ತೋಳಿನ ಮೇಲೆ ತೇಲುತ್ತಿದ್ದಾನೆ. ಮೇಲಿನದರಲ್ಲಿ ಅವನು ಕೈಲಾಸ ಸೇರಿದ್ದಾನೆ. ಎದುರಿಗೆ ಲಿಂಗ, ಪೂಜಿಸುವ ಯತಿ, ಪಕ್ಕದಲ್ಲಿ ನಂದಿ. ನೆತ್ತಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಈ ಕೀರ್ತಿಯಿರಲಿ ಎಂದು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಪಟ್ಟಿಕೆಗಳು ಹೆಚ್ಚಿದವು, ಕೆತ್ತನೆ ನಯವಾಯಿತು. ಹಸಿರುಗಪ್ಪಿನ ಬಳಪದ ಕಲ್ಲಿನ ಮೇಲೆ ಉಳಿ ಬೆಣ್ಣೆಯಲ್ಲಿ ಓಡಿದಂತೆ ಓಡುತ್ತದೆ. ೧೦೫೦ರ ಸುಮಾರಿಗೆ ಎದ್ದ ಅಣ್ಣಿಗೇರಿಯ ಅಮೃತೇಶ್ವರನ ಗುಡಿಯೂ ಆ ಕಲ್ಲಿನದೇ. ಭೂಗರ್ಭಶಾಸ್ತ್ರಜ್ಞರು ಈ ಬಗೆಯ ಶಿಲೆಗಳ ಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟಿದ್ದಾರೆ.

ಈ ಮೂರು ಪಟ್ಟಿಕೆಗಳಲ್ಲಿ ಕಲ್ಲುಕುಟಿಗನ ಕೈ ನಿಜವಾಗಿ ಅರಳುವುದು ಕೆಳಗಿನದರಲ್ಲಿ. ಮೇಲಿನ ಕೈಲಾಸಗಳು ಒಂದರಂತೆ ಒಂದಿವೆ. ಯಾವ ಊರಿನ ಕೈಲಾಸವಾದರೂ ಅದೇ ಲಿಂಗ, ಅದೇ ಯತಿ. ಸಾವು ಮಾತ್ರ ಪ್ರತಿಯೊಬ್ಬನದೂ ಬೇರೆ. ಒಬ್ಬನ ಎದೆಗೆ ಬಾಣ, ಒಬ್ಬನ ಕುದುರೆ ಮುಗ್ಗರಿಸಿದೆ, ಒಬ್ಬನು ಇಬ್ಬರ ನಡುವೆ ಸಿಕ್ಕಿದ್ದಾನೆ. ನೋಡಿದವರು ಹೇಳಿದ್ದನ್ನು ಕೇಳಿ ಕೆತ್ತಿದ್ದು ಹೀಗಿರುತ್ತದೆ.

ಕರ್ನಾಟಕದಲ್ಲಿ ಇಂಥ ಕಲ್ಲುಗಳು ಎರಡೂವರೆ ಸಾವಿರಕ್ಕೂ ಹೆಚ್ಚು ಎಂದು ಒಂದು ಲೆಕ್ಕ. ಗದಗಿನ ಬೆಟಗೇರಿಯಲ್ಲಿ ರಾಷ್ಟ್ರಕೂಟರ ಕಾಲದವು ಗುಂಪಾಗಿಯೇ ಇವೆ. ಬೆಂಗಳೂರಿನ ಓದುಗರು ತಮ್ಮ ನಗರದ ಹೆಸರು ಎಷ್ಟು ಹಳೆಯದೆಂದು ಕೇಳಿದರೆ ಉತ್ತರ ಸಿಗುವುದೂ ವೀರಗಲ್ಲಿನಲ್ಲಿಯೇ. ಬೇಗೂರಿನಲ್ಲಿ ೮೯೦ರ ಸುಮಾರಿನ ಕಲ್ಲೊಂದು ನಾಗತ್ತರನ ಮಗ ಬುಟ್ಟಣಸೆಟ್ಟಿ 'ಬೆಂಗಳೂರು' ಕಾಳಗದಲ್ಲಿ ಸತ್ತನೆಂದು ಹೇಳುತ್ತದೆ. ಬೆಂದಕಾಳಿನ ಕಥೆಗಿಂತ ಈ ಕಾಳಗದ ಕಥೆ ಹಳೆಯದು. ಆತಕೂರಿನ ಕಲ್ಲಂತೂ ನಾಯಿಯದು. ಗಂಗರ ಬೂತುಗನ ಸೇವಕ ಮಣಲೇರನು ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದಾಗ ಒಡೆಯನು ಬೇಕಾದ್ದನ್ನು ಕೇಳೆಂದನು. ಅವನು ಊರನ್ನು ಕೇಳಲಿಲ್ಲ, ಹೊನ್ನನ್ನು ಕೇಳಲಿಲ್ಲ. ಒಡೆಯನ ಪ್ರೀತಿಯ ನಾಯಿ 'ಕಾಳಿ'ಯನ್ನು ಕೇಳಿ ಪಡೆದನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ೯೪೯-೫೦ರ ಸುಮಾರಿಗೆ ಅದಕ್ಕೊಂದು ಕಲ್ಲು ನಿಂತಿತು, ದತ್ತಿಯ ಭೂಮಿಯೂ ದೊರೆಯಿತು. ಆ ಭೂಮಿಯ ಫಲ ಉಣ್ಣುವ ಗೊರವನು ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪಕ್ಕೆ ಗುರಿಯಾಗುವನೆಂದು ಎಚ್ಚರಿಕೆ ಬೇರೆ.

ಭೂಮಿಯ ಈ ಮಾತು ಮುಖ್ಯವಾದದ್ದು. ಈಗಿನವರಿಗೆ ವೀರಗಲ್ಲೆಂದರೆ ನೆನಪಿನ ಕಲ್ಲು. ಆಗಿನವರಿಗೆ ಅದು ಅರ್ಧ ಮಾತ್ರ. ಉಳಿದರ್ಧ ಸತ್ತವನ ಮನೆಯವರಿಗೆ ಬಿಟ್ಟ ನೆಲ. ಅದನ್ನು 'ಕಲ್ನಾಡು' ಎಂದರು, ಮುಂದೆ 'ನೆತ್ತರುಗೊಡಗೆ' ಎಂದರು. ಹೆಸರೇ ಎಷ್ಟು ನೇರವಾಗಿದೆ! ಇದಕ್ಕೂ ಹಿಂದಿನ ಮಾತು 'ಬಾಳ್ಗಳ್ಚು'. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಕತ್ತಿಯ ರಕ್ತವನ್ನು ತೊಳೆದು ಕೊಡುವ ದತ್ತಿ ಅದು. ಕನ್ನಡದ ಅತ್ಯಂತ ಹಳೆಯ ಶಾಸನವೆಂದು ಮಕ್ಕಳು ಓದುವ, ೪೫೦ರ ಸುಮಾರಿನ ಹಲ್ಮಿಡಿಯ ಶಾಸನ ಏನನ್ನು ಹೇಳುತ್ತದೆಂದು ಕೇಳಿದರೆ ಅನೇಕರು ತಲೆ ಕೆರೆದುಕೊಳ್ಳುವರು. ಅದು ಹೇಳುವುದು ಇದನ್ನೇ: ಕಾದಿದ ಒಬ್ಬನಿಗೆ ಬಾಳ್ಗಳ್ಚಾಗಿ ಊರುಗಳನ್ನು ಬಿಟ್ಟದ್ದು. ಕನ್ನಡವು ಕಲ್ಲಿನ ಮೇಲೆ ಮೊದಲು ಬಾಯಿ ತೆರೆದದ್ದೇ ಯೋಧನ ಋಣ ತೀರಿಸುವ ಮಾತಿಗೆ. ಇದನ್ನೆಲ್ಲ ಬಿಡಿಸಿ ತೋರಿಸಿದವರಲ್ಲಿ ೧೯೬೬ರಲ್ಲಿ ಶಾಸನಗಳ ಸಾಂಸ್ಕೃತಿಕ ಅಧ್ಯಯನವನ್ನು ಹೊರತಂದ ಎಂ. ಚಿದಾನಂದಮೂರ್ತಿಯವರ ಹೆಸರು ಮುಖ್ಯವಾದದ್ದು. ೧೯೮೨ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಿಂದಲೇ ಸ್ಮಾರಕಶಿಲೆಗಳ ಬಗ್ಗೆ ಷ. ಶೆಟ್ಟರ್ ಮತ್ತು ಸೋಂಥೈಮರ್ ಸಂಪಾದಿಸಿದ ದೊಡ್ಡ ಇಂಗ್ಲಿಷ್ ಗ್ರಂಥ ಹೊರಬಂತು.

ವಿದ್ವಾಂಸರು ಗ್ರಂಥ ಬರೆದರು. ಕಲ್ಲುಗಳ ಪಾಡು ಬೇರೆ. ಎಮ್ಮೆಗಳು ಮೈ ಉಜ್ಜುವುದಕ್ಕೆ ಅದು ಬೇಕು. ಹಳ್ಳದ ದಂಡೆಗೆ ಬಂದರೆ ಅರಿವೆ ಒಗೆಯುವ ಬಂಡೆ. ಕಾಲುವೆಗೆ ಬಂದರೆ ದಾಟುವ ಹಾಸುಗಲ್ಲು. ಕಲ್ಲಿಲ್ಲದ ಸೀಮೆಯಲ್ಲಿ ಚಪ್ಪಟೆಯಾದ ಒಳ್ಳೆಯ ಕಲ್ಲನ್ನು ಬಿಡುವವರಾರು? ಅದೃಷ್ಟವಿದ್ದ ಕಲ್ಲಿಗೆ ಅಮಾವಾಸ್ಯೆಗೆ ಎಣ್ಣೆ ಬೀಳುತ್ತದೆ, ಕುಂಕುಮ ಬೀಳುತ್ತದೆ. ವರ್ಷಾನುವರ್ಷದ ಎಣ್ಣೆ ಹೆಪ್ಪುಗಟ್ಟಿ ಅಕ್ಷರಗಳು ಮುಚ್ಚಿಹೋಗುತ್ತವೆ. ಭಕ್ತಿಯೂ ಒಂದು ಬಗೆಯಲ್ಲಿ ಅಳಿಸುವ ಕೆಲಸವನ್ನೇ ಮಾಡುತ್ತದೆ. ಆದರೂ ಎಣ್ಣೆ ಕಂಡ ಕಲ್ಲು ಬಂಡಿಯಲ್ಲಿ ಹೇರಿಕೊಂಡು ಹೋಗುವವರಿಂದ ಪಾರಾಗುತ್ತದೆ ಎಂಬುದಷ್ಟೆ ಸಮಾಧಾನ.

ಕಲ್ಲಿಲ್ಲದ ಸಾವು ಎಂಥದೆಂಬುದನ್ನು ಅಣ್ಣಿಗೇರಿ ೨೦೧೦ರಲ್ಲಿ ಕಂಡಿತು. ಚರಂಡಿಗಾಗಿ ನೆಲ ಅಗೆಯುತ್ತಿದ್ದಾಗ ಮನುಷ್ಯರ ತಲೆಬುರುಡೆಗಳು ಹೊರಬಿದ್ದವು. ಒಂದೆರಡಲ್ಲ, ನೂರಾರು; ಅದೂ ಯಾರೋ ಎಣಿಸಿ ಇಟ್ಟಂತೆ ಸಾಲಾಗಿ. ಯುದ್ಧವೆಂದರು, ಬರಗಾಲವೆಂದರು, ರೋಗವೆಂದರು. ಊರಿನ ತುಂಬ ಶಾಸನಗಳಿರುವ ಅಣ್ಣಿಗೇರಿಯಲ್ಲಿ ಆ ಜನರ ಪರವಾಗಿ ಹೇಳುವ ಒಂದು ಸಾಲಿನ ಬರಹವೂ ಜೊತೆಗಿರಲಿಲ್ಲ.

ಇಷ್ಟಾದ ಮೇಲೆ ವೀರಗಲ್ಲೆಂಬ ಮಾತು ಮ್ಯೂಸಿಯಮ್ಮಿನ ಮಾತಾಯಿತೆಂದು ಯಾರಾದರೂ ಎಣಿಸಿದರೆ ಅವರು ಜುಲೈ ತಿಂಗಳಿನಲ್ಲಿ ನವಲಗುಂದ, ನರಗುಂದಗಳ ಕಡೆಗೆ ಹೋಗಿಬರಬೇಕು. ಸವದತ್ತಿಯ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ, ಎಪ್ಪತ್ತರ ದಶಕದಲ್ಲಿ ಕಾಲುವೆಯ ನೀರು ಈ ಎರೆಯ ನೆಲಕ್ಕೆ ಬಂದಿತು. ನೀರಿನ ಹಿಂದೆಯೇ ಕರವೂ ಬಂದಿತು; ನೀರು ತಲುಪದ ಹೊಲಕ್ಕೂ ಅಭಿವೃದ್ಧಿ ಕರದ ಕಾಗದ ತಲುಪಿತೆಂದು ರೈತರ ಅಳಲು. ನೀರು ನಿಂತ ಕಡೆ ನೆಲ ಸವಳಾಯಿತು. ಹತ್ತಿಯ ಬೆಲೆ ಇಳಿಯಿತು. ೧೯೮೦ರ ಜುಲೈ ೨೧ರಂದು ಎರಡೂ ಊರುಗಳಲ್ಲಿ ಸಾವಿರಾರು ರೈತರು ಬೀದಿ ತುಂಬಿದರು. ಪೊಲೀಸರ ಗುಂಡು ಹಾರಿತು. ನವಲಗುಂದದಲ್ಲಿ ಅಳಗವಾಡಿಯ ಬಸಪ್ಪ ಲಕ್ಕುಂಡಿ, ನರಗುಂದದಲ್ಲಿ ಚಿಕ್ಕನರಗುಂದದ ಈರಪ್ಪ ಕಡ್ಲಿಕೊಪ್ಪ ಪ್ರಾಣ ಬಿಟ್ಟರು. ನರಗುಂದದಲ್ಲಿ ರೊಚ್ಚಿಗೆದ್ದ ಗುಂಪಿಗೆ ಸಿಕ್ಕಿ ಪೊಲೀಸರ ಕಡೆಯೂ ಸಾವುಗಳಾದವು. ಅವರೂ ಯಾರದೋ ಮನೆಯ ಮಕ್ಕಳೇ. ಆ ಬೆಂಕಿ ರಾಜ್ಯಕ್ಕೆಲ್ಲ ಹಬ್ಬಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು.

ಸತ್ತ ರೈತರ ನೆನಪಿಗೆ ಕಲ್ಲು ನಿಲ್ಲಿಸಿದರು. ಅದನ್ನು ಏನೆಂದು ಕರೆಯಬೇಕು? ಹುತಾತ್ಮ ಸ್ಮಾರಕವೆಂಬ ಸಂಸ್ಕೃತದ ಮಾತು ಸಿದ್ಧವಾಗಿಯೇ ಇತ್ತು. ಭಾಷಣಗಳಲ್ಲಿ ಅದು ಈಗಲೂ ನಡೆಯುತ್ತದೆ. ಆದರೆ ಜನರ ನಾಲಗೆ ಹಳೆಯ ಮಾತನ್ನೇ ಹುಡುಕಿಕೊಂಡಿತು: ವೀರಗಲ್ಲು. ಯಾವ ಪಂಡಿತರೂ ಸೂಚಿಸಿದ್ದಲ್ಲ, ಸರಕಾರ ಅಂಗೀಕರಿಸಿದ್ದೂ ಅಲ್ಲ. ದನಕ್ಕಾಗಿ ಸತ್ತವನಿಗೆ ಸಾವಿರ ವರ್ಷದ ಹಿಂದೆ ಇಟ್ಟ ಹೆಸರು, ನೀರು ಮತ್ತು ನೆಲದ ಜಗಳದಲ್ಲಿ ಸತ್ತವನಿಗೂ ಅಳತೆ ತಪ್ಪದೆ ಹೊಂದಿತು. ಕೈಯಲ್ಲಿ ಕತ್ತಿಯಿಲ್ಲ, ನಡುವಿನ ಪಟ್ಟಿಕೆಯ ದೇವಾಂಗನೆಯರಿಲ್ಲ, ಕೈಲಾಸವಿಲ್ಲ. ಆದರೂ ಈ ಕಲ್ಲನ್ನು ವೀರಗಲ್ಲೆಂದು ಕರೆದವರಿಗೆ ತಾವು ಹೊಸದೇನನ್ನಾದರೂ ಮಾಡಿದೆವೆಂಬ ಭಾವನೆಯೇ ಬಂದಂತಿಲ್ಲ. ಮಾತು ಬದುಕಿದೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಕಲ್ಲಿನ ಜೊತೆಗಿರುತ್ತಿದ್ದ ಆ ಇನ್ನರ್ಧದ, ಕಲ್ನಾಡಿನ ಮಾತನ್ನು ಮಾತ್ರ ಯಾರೂ ಹೀಗೆ ಹುಡುಕಿ ತೆಗೆದಿಲ್ಲ.

ಪ್ರತಿವರ್ಷ ಜುಲೈ ೨೧ರಂದು ರೈತರು ಅಲ್ಲಿ ಸೇರುತ್ತಾರೆ. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಹೊಲದಲ್ಲಿ ಹೆಸರಿನ ಬೆಳೆ ಮೊಣಕಾಲಿಗೆ ಬಂದಿರುತ್ತದೆ. ಹಿಡಿಯದ ವರ್ಷ ಬರಿಯ ಎರೆ. ಕಲ್ಲಿಗೆ ಹಾರ ಬೀಳುತ್ತದೆ, ಹಸಿರು ಟವೆಲಿನವರು ಘೋಷಣೆ ಕೂಗುತ್ತಾರೆ, ಮುಖಂಡರ ಭಾಷಣ ಊಟದ ಹೊತ್ತನ್ನು ಮೀರುತ್ತದೆ. ಜನರ ಅಂಚಿನಲ್ಲಿ ಯಾರದೋ ಕೈಹಿಡಿದು ಬಂದ ಹುಡುಗನು ಬೇಸತ್ತು, ಹಾರದ ಸಂದಿನಿಂದ ಕಲ್ಲನ್ನು ನೋಡುತ್ತ, ಅದೇ ಪ್ರಶ್ನೆಯನ್ನು ಕೇಳುತ್ತಾನೆ.

"ಅಜ್ಜಾ, ಅವರ ಹೆಸರೇನು?"

ಇಲ್ಲಿ ಅಜ್ಜನು ಧೂಳು ಒರೆಸುವುದಿಲ್ಲ. ಹೆಸರು ಹೇಳುತ್ತಾನೆ, ಊರು ಹೇಳುತ್ತಾನೆ. ಆಮೇಲೆ ಭಾಷಣದ ಕಡೆಗೆ ಬೆನ್ನು ತಿರುಗಿಸಿ, ಆ ದಿನ ತಾನು ಯಾವ ಕಡೆಗೆ ಓಡಿದೆನೆಂಬುದನ್ನೂ ಹೇಳತೊಡಗುತ್ತಾನೆ.